ರಾಯದುರ್ಗದ ಭಾನುವಾರದ ಮೆದುಳು ಪಾಠ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಂಧ್ರದ ಗಡಿಪಟ್ಟಣ ರಾಯದುರ್ಗದ ಮಟನ್ ಅಂಗಡಿಗಳ ಮುಂದೆ ಭಾನುವಾರದ ಗಿರಾಕಿಗಳು ಆಗಲೇ ಚೀಲ ಹಿಡಿದು ನಿಂತಿದ್ದಾರೆ. ಅವರ ನಡುವೆ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು, ಸ್ಟೀಲ್ ಡಬ್ಬಿ ಹಿಡಿದು ನಿಂತವರು ಕೃಷ್ಣವೇಣಿ. ಅವರಿಗೆ ಬೇಕಾದದ್ದು ತೊಡೆಯ ಭಾಗವಲ್ಲ, ಲಿವರ್ ಅಲ್ಲ; ಚೂರೂ ಹರಿಯದ ಇಡೀ ಮೆದುಳು.

"ಒಸಿ ನಿಧಾನಕ್ಕೆ ಒಡಿಯಪ್ಪ. ಹಿಂದ್ಗಡೆ ಸಣ್ಣ ಗಡ್ಡೆ ಐತಲ್ಲ, ಅದು ಹರಿದೋದ್ರೆ ಹುಡುಗ್ರಿಗೆ ಏನೂ ತೋರ್ಸಕ್ಕಾಗಲ್ಲ" ಎನ್ನುತ್ತಾರೆ ಅವರು.

ಅಂಗಡಿಯ ಯರ್ರಪ್ಪ ಮಚ್ಚಿನ ಏಟನ್ನು ಸಣ್ಣದು ಮಾಡುತ್ತಾರೆ. "ನಿಮ್ಮ ಸಲುವಾಗಿ ನನ್ನ ಕೈನ ಬದಲಾಗೇತ್ರಿ ಮೇಡಂ. ಮೊದಲ ಒಂದ ಏಟಿಗೆ ಎರಡ ಹೋಳು ಮಾಡ್ತಿದ್ದೆ. ಈಗ ಆಪರೇಷನ್ ಮಾಡ್ದಂಗ ಮಾಡ್ಬೇಕು."

ಹಿಂದೆ ನಿಂತವರೊಬ್ಬರು, ವಾರ ವಾರ ಬ್ರೈನ್ ಫ್ರೈ ತಿಂದೇ ಮೇಡಂ ಇಷ್ಟು ಓದಿದ್ದು ಎಂದು ತೆಲುಗಿನಲ್ಲಿ ಚೇಷ್ಟೆ ಮಾಡುತ್ತಾರೆ. ಕೃಷ್ಣವೇಣಿ ನಗುತ್ತಾರೆ, ಮನಸ್ಸು ಮಾತ್ರ ಇಲ್ಲಿಲ್ಲ. ಅವರ ವಿದ್ಯಾರ್ಥಿನಿ ಭವ್ಯಾ ಬೆಂಗಳೂರಿನ ನರವಿಜ್ಞಾನ ಸಂಸ್ಥೆಯೊಂದರಲ್ಲಿ ಸಂದರ್ಶನ ಮುಗಿಸಿ ಬಂದಿದ್ದಾಳೆ. ಎಂ.ಎಸ್ಸಿ. ಮತ್ತು ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಮಾಡಿಸುವ ಕೋರ್ಸಿಗೆ. ಫಲಿತಾಂಶ ಇಂದೋ ನಾಳೆಯೋ ಎಂಬಂತಿದೆ.

ಕೃಷ್ಣವೇಣಿ ಪಟ್ಟಣದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ತೆಗೆದುಕೊಂಡ ತರಗತಿಗೆ ಮಾತ್ರ ಸಂಬಳ. ಹುಟ್ಟಿದ್ದು ಮಡಕಶಿರಾ ಸೀಮೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ರಾಯದುರ್ಗಕ್ಕೆ ಬಂದವರು. ಗಂಡ ಜಗದೀಶ್ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಬಟ್ಟೆ ಕತ್ತರಿಸುವ ಮೇಸ್ತ್ರಿ. ಭಾನುವಾರದ ಪಾಠ ಕಾಲೇಜಿನ ವೇಳಾಪಟ್ಟಿಯಲ್ಲಿಲ್ಲ. ಲ್ಯಾಬಿನ ಬೀಗದ ಕೈ ಕೇಳಿ ಪಡೆದು, ಬಿ.ಎಸ್ಸಿ. ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ಟ್ರೇನಲ್ಲಿಟ್ಟ ಕುರಿಯ ಮೆದುಳಿನ ಒಂದೊಂದು ಭಾಗವನ್ನೂ ಬಿಡಿಸಿ ತೋರಿಸುತ್ತಾರೆ. ಅರ್ಥ ಹೇಳುವುದು ಕನ್ನಡ ಮತ್ತು ತೆಲುಗಿನಲ್ಲಿ. ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿ. ಪಾಠದ ಕೊನೆಗೆ ಯಾವ ಊರಿನ ಯಾವ ಲ್ಯಾಬು ಯಾವಾಗ ಅರ್ಜಿ ಕರೆಯುತ್ತದೆ, ಪರೀಕ್ಷೆ ಎಂಥದ್ದು, ವಿದ್ಯಾರ್ಥಿವೇತನ ಹೇಗೆ ಸಿಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬರೆಯುತ್ತಾರೆ.

"ಶುರುನಲ್ಲಿ ಲ್ಯಾಬ್ ಅಂದ್ರೆ ರಕ್ತ ಪರೀಕ್ಷೆ ಮಾಡೋ ಜಾಗ ಅಂದ್ಕೊಂಡಿದ್ರು. ಅಲ್ಲಿ ಮೆದುಳಿನ ಬಗ್ಗೆ ಹೊಸದು ಹುಡುಕ್ತಾರೆ, ಹುಡುಕೋದನ್ನ ಕಲಿಸ್ತಾರೆ, ಕಲಿಯೋವಾಗ ದುಡ್ಡೂ ಕೊಡ್ತಾರೆ ಅಂದ್ರೆ ಒಬ್ರೂ ನಂಬಲಿಲ್ಲ" ಎನ್ನುತ್ತಾರೆ. ನಂಬಿದ ಮೊದಲಿಗ ರಘುನಾಥ್ ಈಗ ಹೈದರಾಬಾದಿನ ಲ್ಯಾಬಿನಲ್ಲಿ ನೊಣಗಳ ನಿದ್ದೆಯ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ.

ಈ ಹುಚ್ಚು ಹತ್ತಿದ್ದು ಕೃಷ್ಣವೇಣಿ ಹೈಸ್ಕೂಲಿನಲ್ಲಿದ್ದಾಗ. ಲಕ್ವ ಹೊಡೆದು ಅಪ್ಪನ ಬಲಗೈ ನಿಂತುಹೋಯಿತು. "ಕೈಗೆ ಏನೂ ಆಗಿರಲಿಲ್ಲ. ಒಂದು ಗಾಯ ಇಲ್ಲ. ಯಾಕೆ ಏಳ್ತಿಲ್ಲ ಅಂತ ಕೇಳ್ದೆ. ಡಾಕ್ಟರು ತಲೆ ಮುಟ್ಟಿ ತೋರಿಸಿದ್ರು. ಅವತ್ತಿಂದ ತಲೇಲಿ ಅದೇ." ಅನಂತಪುರದಲ್ಲಿ ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ.ಯ ಲಿಖಿತ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಸಂದರ್ಶನದ ವಾರದಲ್ಲೇ ಹೆರಿಗೆಯಾಯಿತು. ಹೋಗಲಾಗಲಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮತ್ತೆ ಎತ್ತಿದವಳು ಭವ್ಯಾ. ಡಿ. ಹಿರೇಹಾಳ್ ಕಡೆಯ ಕುರಿ ಸಾಕುವ ಮನೆಯ ಹುಡುಗಿ. ಬೆಳಿಗ್ಗೆ ಕಾಲೇಜು, ಸಂಜೆ ಬಸ್ಸು ಬರುವ ತನಕ ಜೀನ್ಸ್ ಶೆಡ್ಡಿನಲ್ಲಿ ದಾರ ಕತ್ತರಿಸುವ ಕೆಲಸ. ಹೋದ ವರ್ಷ ಬೆಂಗಳೂರಿನ ಅದೇ ಸಂಸ್ಥೆ ಎರಡು ತಿಂಗಳ ಬೇಸಿಗೆ ತರಬೇತಿಗೆ ಅರ್ಜಿ ಕರೆದಾಗ, ತನ್ನ ಅರ್ಜಿ ತುಂಬುತ್ತ ಕೂತಿದ್ದವಳು ತಲೆಯೆತ್ತಿ, "ಟೀಚರ್ಸಿಗೂ ಐತಂತ್ರಿ ಮೇಡಂ. ನೀವೂ ಹಾಕ್ರಿ" ಎಂದಳು. ಹುಡುಗಿಗೆ ಧೈರ್ಯ ಬರಲಿ ಎಂದು ಕೃಷ್ಣವೇಣಿಯೂ ಹಾಕಿದರು.

ಮೇಲ್ ಬಂದಾಗ ಅವರು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಆಯ್ಕೆಯಾದವರು ತಾವು. ಹೊರಗೆ ಓಡಿಹೋಗಿ ಭವ್ಯಾಳನ್ನು ಹುಡುಕಬೇಕೆಂದು ಎದ್ದವರು ಬಾಗಿಲಲ್ಲೇ ನಿಂತರು. ಅವಳಿಗೆ ಬಂದಿದ್ದರೆ ಇಷ್ಟು ಹೊತ್ತಿಗೆ ಅವಳೇ ಓಡಿ ಬರುತ್ತಿದ್ದಳಲ್ಲ?

ಮಧ್ಯಾಹ್ನ ಕಾರಿಡಾರಿನಲ್ಲಿ ಭವ್ಯಾ ಎದುರಾದಳು. "ಮೇಡಂ, ನಿಮಗೇನರ ಮೇಲ್ ಬಂತೇನ್ರಿ?"

"ಇಲ್ಲ ಕಣಮ್ಮ, ಇನ್ನೂ ಬಂದಿಲ್ಲ."

ಯಾಕೆ ಹಾಗಂದೆನೋ ತಿಳಿಯದು ಎನ್ನುತ್ತಾರೆ ಅವರು. ಒಂದು ಸಲ ಅಂದ ಮೇಲೆ ಮರುದಿನವೂ ಅದನ್ನೇ ಅನ್ನಬೇಕಾಯಿತು. ಅದರ ಮರುದಿನವೂ. ಕ್ಲಾಸಿನಲ್ಲಿ ಭವ್ಯಾಳ ಬೆಂಚಿನತ್ತ ನೋಡಲಾಗದೆ ಬೋರ್ಡಿಗೆ ಮುಖ ಮಾಡಿ ಪಾಠ ಹೇಳಿದರು. ಅವಳ ಮೇಲ್ ತಡವಾಗಿರಬಹುದು, ನಾಳೆ ಬರಬಹುದು ಎಂದು ತಮಗೆ ತಾವೇ ಹೇಳಿಕೊಂಡರು. ಬರಲಿಲ್ಲ. ಬದಲಿಗೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಆಯ್ಕೆಯಾದವರ ಹೆಸರುಗಳೇ ಬಂದುಬಿಟ್ಟವು; ಕೃಷ್ಣವೇಣಿಯ ಹೆಸರಿತ್ತು, ಭವ್ಯಾಳದಿರಲಿಲ್ಲ. ಆ ಭಾನುವಾರ ಭವ್ಯಾ ಪಾಠಕ್ಕೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಪಾಠವನ್ನು ಅರ್ಧಕ್ಕೇ ಬಿಟ್ಟು ಕೃಷ್ಣವೇಣಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದೇ ಯೋಚನೆ. ಹುಡುಗಿ ಓದೇ ಬಿಟ್ಟುಬಿಟ್ಟರೆ? ಇಷ್ಟು ವರ್ಷ ಆಸೆ ಹುಟ್ಟಿಸಿದ್ದಕ್ಕೆ ಆ ಮನೆಯವರು ಏನಂದಾರು? ಭವ್ಯಾಳ ತಾಯಿ ಪಾಲಮ್ಮ ಹಟ್ಟಿಯ ಮುಂದೆ ಕುರಿಮರಿಗಳನ್ನು ತಾಯಿ ಕುರಿಗಳಿಗೆ ಬಿಡುತ್ತಿದ್ದರು. "ಬರ್ರಿ ಮೇಡಂ" ಎಂದು ಗೋಣಿತಟ್ಟು ಹಾಸಿ, ಮಗಳನ್ನು ಕೂಗಿದರು.

ಭವ್ಯಾಳ ಕಣ್ಣು ಕೆಂಪಾಗಿತ್ತು. "ನನಗ ಬರಲಿಲ್ಲ ಅಂತ ಬ್ಯಾಸರ ಇಲ್ರಿ. ದಿನಾ ಬಂದು ಕೇಳ್ತಿದ್ನಲ್ರಿ ಮೇಡಂ? ದಿನಾ ಇಲ್ಲ ಅಂದ್ರಿ. ಯಾಕ ಹಂಗಂದ್ರಿ?"

"ತಪ್ಪಾಯ್ತು ಕಣಮ್ಮ" ಎಂದರು ಕೃಷ್ಣವೇಣಿ. "ನಿನ್ನ ಮುಖ ನೋಡಿ ಹೇಳಕ್ಕೆ ಬಾಯಿ ಬರಲಿಲ್ಲ. ನಾನೂ ಹೋಗಲ್ಲ. ಬರಲ್ಲ ಅಂತ ಬರೆದು ಹಾಕ್ತೀನಿ."

ಪಾಲಮ್ಮ ಮರಿಯೊಂದನ್ನು ಕಂಕುಳಲ್ಲಿಟ್ಟುಕೊಂಡೇ ಕೇಳಿದರು: "ನೀವ್ ಬಿಟ್ರ ಆ ಜಾಗ ನನ್ ಮಗಳಿಗೆ ಕೊಡ್ತಾರೇನ್ರಿ?"

"ಇಲ್ಲಮ್ಮ. ಅದು ಟೀಚರ್ಸಿಗೆ ಅಂತಲೇ ಇಟ್ಟಿರೋದು."

"ಮತ್ತ ಯಾಕ ಬಿಡ್ತೀರಿ? ಹೋಗ್ರಿ. ಅಲ್ಲಿ ಏನ್ ಕೇಳ್ತಾರ, ಹೆಂಗ್ ಕೇಳ್ತಾರ, ಎಲ್ಲ ನೋಡ್ಕಂಡ್ ಬಂದು ಈಕಿಗೆ ಹೇಳ್ರಿ."

ಭವ್ಯಾ ಮೊದಲು ತಾಯಿಯನ್ನು, ಆಮೇಲೆ ಮೇಡಂ ಅವರನ್ನು ನೋಡಿದಳು. ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಳು. ಮಾತು ಸರಿಹೋಗಲು ಇನ್ನೂ ಕೆಲವು ದಿನ ಹಿಡಿಯಿತು. ಮುಂದಿನ ಭಾನುವಾರ ಮಾತ್ರ ತಪ್ಪದೆ ಬಂದಳು.

ಕೃಷ್ಣವೇಣಿ ಹೋದರು. ಅಲ್ಲಿ ಎಲ್ಲರೂ ಅವರಿಗಿಂತ ಚಿಕ್ಕವರು, ಫಟಫಟ ಇಂಗ್ಲಿಷು. ಮೀಟಿಂಗಿನಲ್ಲಿ ತಮ್ಮ ಸರದಿ ಬಂದಾಗ ಎರಡೇ ಮಾತಿಗೆ ಮುಗಿಸಿಬಿಡುತ್ತಿದ್ದರು. ವಾಪಸು ಹೋಗಿಬಿಡೋಣವೆಂದು ಮೊದಲ ವಾರ ಬ್ಯಾಗನ್ನು ಪೂರ್ತಿ ಬಿಚ್ಚಿರಲೇ ಇಲ್ಲ. ಒಂದು ದಿನ ಅವರಿಗೆ ಕೆಲಸ ಕಲಿಸುತ್ತಿದ್ದ ಸಂಶೋಧಕಿ ಶಿವಲೀಲಾ, ಸೂಕ್ಷ್ಮದರ್ಶಕದ ಕೆಳಗೆ ಇಲಿಯ ಮೆದುಳಿನ ತೆಳು ಹೋಳೊಂದನ್ನಿಟ್ಟು, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯನ್ನು ಒಂದು ನರಕೋಶಕ್ಕೆ ತಾಗಿಸಿ ಸ್ಪೀಕರ್ ಹಾಕಿದರು. ಹೆಂಚಿನ ಮೇಲೆ ಜೋಳ ಸಿಡಿದಂತೆ ಪಟಪಟ ಸದ್ದು.

"ಇದೇನು ಅಂದೆ. ಜೀವಕೋಶ ಮಾತಾಡ್ತಿದೆ ಅಂದ್ರು. ಕಾಲೇಜಲ್ಲಿ ಎಷ್ಟು ವರ್ಷದಿಂದ ಈ ಪಾಠ ಹೇಳಿದ್ದೀನಿ, ಒಂದಿನಾನೂ ಕೇಳಿರಲಿಲ್ಲ. ಅಪ್ಪನ ಕೈಗೆ ಈ ಸದ್ದೇ ಅಲ್ವಾ ಹೋಗಿ ಮುಟ್ಟದೇ ಇದ್ದಿದ್ದು ಅನ್ನಿಸ್ತು. ಅಲ್ಲೇ ಅತ್ತುಬಿಟ್ಟೆ." ಅನುಮತಿ ಕೇಳಿ, ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಭವ್ಯಾಳಿಗೆ ಕಳಿಸಿದರು. ಭವ್ಯಾ ಜೀನ್ಸ್ ಶೆಡ್ಡಿನಲ್ಲಿ ಹೊಲಿಗೆ ಯಂತ್ರಗಳ ಗದ್ದಲದ ನಡುವೆ ಕಿವಿಗೆ ಒತ್ತಿ ಹಿಡಿದು ಕೇಳಿದಳಂತೆ.

ಆದರೆ ತರಬೇತಿ ಮುಗಿಯುವ ಮೊದಲೇ ಕಾಲೇಜು ಶುರುವಾಯಿತು. ತಕ್ಷಣ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಫೋನು ಬಂತು. ಜಗದೀಶ್ ಅವರನ್ನು ಕೇಳಿದಾಗ, "ಅರ್ಧಕ್ಕ ಬಿಟ್ಟು ಬಂದ್ರ ಜೀವನಪೂರ್ತಿ ಅದನ್ನೇ ನೆನಸ್ತಿ. ಮುಗಿಸ್ಕಂಡ ಬಾ" ಎಂದರು. ಮುಗಿಸಿ ಬಂದಾಗ ಅವರ ತರಗತಿಗಳಲ್ಲಿ ಅರ್ಧ ಬೇರೊಬ್ಬರ ಪಾಲಾಗಿತ್ತು. ಇಂದಿಗೂ ಅದು ಹಾಗೆಯೇ ಇದೆ. ಮುಂದಿನ ವರ್ಷ ಉಳಿದ ಅರ್ಧವೂ ಇರುತ್ತದೆಯೇ ಎಂಬುದು ಅವರಿಗೆ ತಿಳಿಯದು. ಸಂಜೆ ಮನೆಯಲ್ಲಿ ಟ್ಯೂಷನ್ ಹೇಳಿ ಸರಿದೂಗಿಸುತ್ತಿದ್ದಾರೆ. ಭಾನುವಾರದ ಪಾಠ ಮಾತ್ರ ನಿಂತಿಲ್ಲ.

ಈ ವರ್ಷ ಭವ್ಯಾ ಪ್ರವೇಶ ಪರೀಕ್ಷೆ ಪಾಸಾದಳು. ಸಂದರ್ಶನಕ್ಕೆ ಬೆಂಗಳೂರಿಗೆ ಜೊತೆಯಲ್ಲಿ ಹೋದವರು ಕೃಷ್ಣವೇಣಿ. ಹುಡುಗಿ ಒಳಗೆ ಹೋದಳು. ಇವರು ಹೊರಗಿನ ಬೆಂಚಿನ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಬೇರೆ ಅಭ್ಯರ್ಥಿಗಳೆಲ್ಲ ಬೇಗ ಬೇಗ ಹೊರಬಂದಿದ್ದರು; ಇವಳು ಬರಲೇ ಇಲ್ಲ. ಒಳಗೆ ಏನೋ ಎಡವಟ್ಟಾಗಿದೆ ಎಂದೇ ಅವರಿಗೆ ಖಾತ್ರಿಯಾಯಿತು. ಕೊನೆಗೆ ಬಾಗಿಲು ತೆರೆದು ಬಂದವಳು ಬೆವತುಹೋಗಿದ್ದಳು. ಕೆಲವಕ್ಕೆ ಉತ್ತರ ಹೇಳಿದ್ದಳು, ಕೆಲವಕ್ಕೆ ಗೊತ್ತಿಲ್ಲವೆಂದು ಒಪ್ಪಿಕೊಂಡಿದ್ದಳು.

ಸೀಟು ಸಿಗುವುದೋ ಇಲ್ಲವೋ, ಕೃಷ್ಣವೇಣಿಗೆ ಅದೇ ಚಿಂತೆ. ತಮ್ಮ ಪಿಎಚ್.ಡಿ. ವಿಷಯ ಕೇಳಿದರೆ, "ಮೊದ್ಲು ಅವಳದಾಗ್ಲಿ" ಎಂದು ಮಾತು ತೇಲಿಸುತ್ತಾರೆ. ಸಂದರ್ಶನದ ಒಂದು ಮಾತನ್ನು ಮಾತ್ರ ಕೇಳದೆಯೇ ಹೇಳುತ್ತಾರೆ, ಸ್ವಲ್ಪ ನಾಚಿಕೊಂಡು:

"ಸಂಶೋಧನೆ ಲೋಕದಲ್ಲಿ ಲ್ಯಾಬನ್ನ ಅದರ ಯಜಮಾನ್ರ ಹೆಸರಿಂದ ಕರೀತಾರೆ. ಇವಳನ್ನ, ಹಿಂದೆ ಯಾರ ಲ್ಯಾಬಲ್ಲಿ ಕೆಲಸ ಮಾಡಿದ್ದೀಯಮ್ಮ ಅಂತ ಕೇಳಿದ್ರಂತೆ. ಕೃಷ್ಣವೇಣಿ ಲ್ಯಾಬ್ ಸರ್ ಅಂದ್ಲಂತೆ. ಅವರು ಅದೆಲ್ಲಿದೆ ಅಂತ ಕೇಳಿ, ಸ್ಪೆಲ್ಲಿಂಗ್ ಹೇಳಿಸ್ಕೊಂಡು ಬರ್ಕೊಂಡ್ರಂತೆ."