ಬೆಳ್ಳಿ ಪದಕದ ಮೇಲಿನ ತಾರೀಕು

ಮಸ್ಕತ್ತಿನ ನಮ್ಮ ಆಫೀಸಿನಲ್ಲಿ ಒಬ್ಬ ಡಚ್ ಎಂಜಿನಿಯರ್ ಇದ್ದ. ಮುನ್ನೂರು ವರ್ಷಗಳ ಹಿಂದೆ ಅವನ ಊರಿನ ಸಾಹುಕಾರರು ಮದುವೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಬೆಳ್ಳಿಯ ಪದಕ ಮಾಡಿಸಿ, ಅದರ ಮೇಲೆ ಬೆಸೆದ ಕೈಗಳನ್ನೂ ಮದುವೆಯ ತಾರೀಕನ್ನೂ ಕೆತ್ತಿಸಿ, ಊಟಕ್ಕೆ ಬಂದವರಿಗೆ ಹಂಚುತ್ತಿದ್ದರಂತೆ. ನಮ್ಮ ಇಪ್ಪತ್ತೈದೂ ಹತ್ತಿರ ಬಂದಿತ್ತು; ಕೇಳಿದ್ದೇ ತಡ, ನನಗೂ ಹುಚ್ಚು ಹತ್ತಿತು. ಇಲ್ಲಿಯ ಹಮ್ರಿಯಾ ಬಡಾವಣೆಯ ಅಕ್ಕಸಾಲಿಗೆ ಹೇಳಿ ಹನ್ನೆರಡು ಪದಕ ಮಾಡಿಸಿದೆ. ನೆಂಟರು ಬರುವ ಸಂಜೆ ಡಬ್ಬಿ ತೆರೆದು ಹೆಂಡತಿಯ ಮುಂದೆ ಹಿಡಿದೆ.

ಅವಳು ಒಂದನ್ನೆತ್ತಿ, ಕನ್ನಡಕ ಸರಿಮಾಡಿಕೊಂಡು ಓದಿದಳು. "ಇದು ರಿಜಿಸ್ಟ್ರಾರ್ ಆಫೀಸಿನ ತಾರೀಕಲ್ವಾ ಮಾರಾಯ್ರೆ?"

ಹೌದು. ನಮ್ಮ ಧಾರೆಯಾಗಿ ಎರಡು ವರ್ಷದ ಮೇಲೆ, ಅವಳ ವೀಸಾಕ್ಕೆ ಸರ್ಟಿಫಿಕೇಟು ಬೇಕೆಂದು ರಿಜಿಸ್ಟರ್ ಮಾಡಿಸಿದ ದಿನ ಅದು. ಆಮೇಲೆ ಪ್ರತಿ ಅರ್ಜಿಯಲ್ಲೂ ಅದನ್ನೇ ಬರೆದು ಬರೆದು, ನನಗೆ ಅದೇ ಮದುವೆಯ ದಿನವಾಗಿಬಿಟ್ಟಿತ್ತು.

"ಹಾಗಾದ್ರೆ ನಾನು ಊರಲ್ಲಿ ನಿಮ್ಮಮ್ಮನ ಚಾಕರಿ ಮಾಡಿಕೊಂಡಿದ್ದ ಆ ಎರಡು ವರ್ಷ, ಯಾರ ಹೆಂಡತಿ?" ಎಂದಳು. "ನಮ್ಮ ಇಪ್ಪತ್ತೈದು ಎರಡು ವರ್ಷದ ಹಿಂದೆಯೇ ಮುಗಿದಿದೆ. ಆ ದಿನ ಪಾಯಸ ಮಾಡಿದ್ದೆ. ಇವತ್ತೆಂತ ವಿಶೇಷ ಅಂತ ಕೇಳಿದ್ರಿ. ನಾನೂ ಹೇಳ್ಲಿಲ್ಲ."

ಅಷ್ಟರಲ್ಲಿ ಬೆಲ್ ಆಯಿತು. "ಯಲ್ಲಾ, ಬಾಗಿಲು ತೆಗೀರಿ" ಎಂದು ಇಲ್ಲಿಯವರಂತೆ ಅರಬಿಯಲ್ಲೇ ಅವಸರಪಡಿಸಿ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಪದಕ ನೋಡಿದ ಗಂಡಸರು, "ಅಣ್ಣ, ಇನ್ನು ನಮ್ಮನ್ನು ಹೆಂಡತಿಯರ ಬಾಯಿಗೆ ಹಾಕಿದಿರಲ್ಲ!" ಎಂದು ನಕ್ಕರು. ಅವಳೂ ನಕ್ಕಳು. ಹನ್ನೆರಡನ್ನೂ ತಾನೇ ಹಂಚಿ ಮುಗಿಸಿದಳು. ನಮ್ಮ ಮನೆಗೆಂದು ಒಂದನ್ನೂ ಉಳಿಸಲಿಲ್ಲ.