ಮರಿ ಬಿಡುವ ಹೊತ್ತು

ಬಿ.ಜಿ. ಕೆರೆಯ ಆಚೆಗಿನ ಗೊಲ್ಲರಹಟ್ಟಿಯಲ್ಲಿ ಶಿಲ್ಪ ಎಂದರೆ ಬೇಗ ಏಳುವ ಹುಡುಗಿ ಎಂದೇ ಹೆಸರು. ಅಪ್ಪ ಪಾತಣ್ಣನ ಕುರಿಮಂದೆಯಲ್ಲಿ ಮರಿ ಬಿಡುವ ಕೆಲಸ ಅವಳದು. ರಾತ್ರಿಯೆಲ್ಲ ತಾಯಿಗಳಿಂದ ಬೇರೆಯಾಗಿ ಸಣ್ಣ ರೊಪ್ಪದಲ್ಲಿ ಕೂಡಿಹಾಕಿದ ಮರಿಗಳು ನಸುಕಾಗುತ್ತಲೇ ಹಾಲಿಗಾಗಿ ಅರಚುತ್ತವೆ. ಆಗ ಮುಳ್ಳಿನ ತಡಿಕೆ ಸರಿಸಿ, ಬಾಗಿಲಿಗೆ ಒಂದು ಕಾಲು ಅಡ್ಡ ಇಟ್ಟು, ಒಂದೊಂದೇ ಮರಿಯನ್ನು ಹೊರಗೆ ಬಿಡಬೇಕು. ಒಟ್ಟಿಗೆ ನುಗ್ಗಿದರೆ ಎಳೆಯವು ತುಳಿತಕ್ಕೆ ಸಿಗುತ್ತವೆ. ಲಂಗ ಹಾಕುತ್ತಿದ್ದ ವಯಸ್ಸಿನಿಂದ ಪಿಯುಸಿ ಮುಗಿಯುವವರೆಗೂ ಇದನ್ನು ಮಾಡಿದವಳು ಅವಳು. ಅವಳನ್ನು ಯಾರೂ ಒಂದು ದಿನವೂ ಎಬ್ಬಿಸಿದ್ದಿಲ್ಲ.

ಅಂಥವಳು ಡಿಗ್ರಿಗೆಂದು ಚಳ್ಳಕೆರೆಗೆ ಬಂದು, ಊರಂಚಿನ ಹಾಸ್ಟೆಲು ಸೇರಿದ್ದೇ ತಡ, ಕುಂಭಕರ್ಣನ ತಂಗಿಯಾದಳು. ಕಾಲೇಜಿನ ಮೊದಲ ಪೀರಿಯಡ್ಡು ಬೆಳಗ್ಗೆ ಬೇಗ, ಅದೂ ಅರ್ಥಶಾಸ್ತ್ರದ ನಾಗಭೂಷಣ ಮೇಷ್ಟ್ರದು. ಅವರು ಹಾಜರಿ ಕರೆಯುವಾಗ ಶಿಲ್ಪ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುತ್ತಿದ್ದಳು. ಜೊತೆಗಾತಿ ರಶ್ಮಿತಾ ಮೊಳಕಾಲ್ಮೂರಿನ ನೇಕಾರರ ಮನೆಯವಳು. "ಏಮೇ, ಎದ್ದೇಳೇ!" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗಿ ಕೂಗಿ, ಕೊನೆಗೆ ತನ್ನ ಪಾಡಿಗೆ ತಾನು ಹೋಗುತ್ತಿದ್ದಳು.

ಶಿಲ್ಪಳಿಗೂ ನಾಚಿಕೆಯಾಗದೆ ಇರಲಿಲ್ಲ. ಫೋನಿನಲ್ಲಿ ಯಾರೋ ಸೂಟು ಹಾಕಿಕೊಂಡವನು ಬದುಕು ಬದಲಿಸಿಕೊಳ್ಳುವುದು ಹೇಗೆಂದು ಭಾಷಣ ಬಿಗಿದದ್ದನ್ನು ಕೇಳಿ, ಸೋಮವಾರದಿಂದ ಎಲ್ಲವನ್ನೂ ಒಟ್ಟಿಗೇ ಶುರುಮಾಡಿದಳು. ಕತ್ತಲಲ್ಲೇ ಏಳುವುದು, ಓಡುವುದು, ಇಂಗ್ಲಿಷ್ ಪೇಪರ್ ಓದುವುದು, ಚೊಂಬುಗಟ್ಟಲೆ ನೀರು ಕುಡಿಯುವುದು, ಸಕ್ಕರೆ ಬಿಡುವುದು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಗುರುವಾರ ಮಳೆ ಹನಿಯಿತು, ಓಟ ತಪ್ಪಿತು. ಒಂದು ತಪ್ಪಿದ ಮೇಲೆ ಉಳಿದವಕ್ಕೇನು ಬೆಲೆ ಎಂದು ಶುಕ್ರವಾರ ಎಲ್ಲವನ್ನೂ ಬಿಟ್ಟಳು. ಮುಂದಿನ ಸೋಮವಾರ ಮತ್ತೆ ಶುರು, ಮತ್ತೆ ಅದೇ ಕಥೆ. ಪಾಪ, ಹುಡುಗಿಯ ಛಲಕ್ಕೆ ಕೊರತೆಯಿರಲಿಲ್ಲ, ಆದರೆ ಅವಳ ಛಲಕ್ಕೆ ವಾರದ ನಡುವಿನ ದಿನಗಳ ಪರಿಚಯವೇ ಇರಲಿಲ್ಲ.

ಒಂದು ದಿನ ನಾಗಭೂಷಣ ಮೇಷ್ಟ್ರು ಕರೆದು ಹೇಳಿದರು. "ನೋಡಮ್ಮ, ಹಾಜರಿ ಹಿಂಗೇ ಇದ್ರೆ ಪರೀಕ್ಷೆಗೆ ಕೂರೋಕಾಗಲ್ಲ. ಆಮೇಲೆ ಅಳ್ತಾ ಬರಬೇಡ."

ಅಂದು ಸಂಜೆ ಅವಳು ಮನೆಗೆ ಫೋನು ಮಾಡಿದಳು.

"ಅವ್ವ, ನಾಳೆ ಮರಿ ಬಿಡೋ ಹೊತ್ತಿಗೆ ರೊಪ್ಪದ ಹತ್ರ ಫೋನು ಹಿಡಿದು, ಮರಿ ಅರಚೋದು ರೆಕಾರ್ಡ್ ಮಾಡಿ ಕಳಿಸು."

"ನಿಂಗೇನು ಹುಚ್ಚು ಹಿಡಿದೈತೇನೇ?" ಎಂದಳು ಕ್ಯಾತಮ್ಮ. ಆದರೂ ಕಳಿಸಿದಳು.

ಶಿಲ್ಪ ಅದನ್ನೇ ಅಲಾರಂ ಮಾಡಿ, ತಲೆದಿಂಬಿನ ಕೆಳಗಿಟ್ಟು ಮಲಗಿದಳು.

ನಸುಕಿಗೆ ಹಾಸ್ಟೆಲ್ಲಿನ ಆ ಕೋಣೆಯಲ್ಲಿ ಮರಿಗಳು ಅರಚಿದವು. ಶಿಲ್ಪ ಎದ್ದಳು. ಎದ್ದಳು ಎಂದರೆ ಅವಳ ಮೈ ಎದ್ದಿತು, ನಿದ್ದೆ ಹಾಗೇ ಇತ್ತು. ಕಣ್ಣುಮುಚ್ಚಿಕೊಂಡೇ ಮೆಟ್ಟಿಲಿಳಿದು, ಅಂಗಳ ದಾಟಿ, ದೊಡ್ಡ ಗೇಟಿನ ಅಗುಳಿ ಸರಿಸಿ, ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಂತಳು. ಮರಿಗಳು ಹೊರಗೆ ಹೋಗಲಿಲ್ಲ. ಅದರ ಬದಲು ಬೀದಿಯ ಎರಡು ಬಿಡಾಡಿ ಹಸುಗಳು ಅವಳನ್ನು ಬದಿಗೆ ತಳ್ಳಿ ಒಳಗೆ ಬಂದವು. ಅವುಗಳ ಹಿಂದೆಯೇ ಅಡಿಗೆಯ ಕೊಲ್ಲಾಪುರಮ್ಮನೂ ಬಂದಳು. ಶಿಲ್ಪಳಿಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ವಾರ್ಡನ್ ಶಾರದಮ್ಮನವರ ದಾಸವಾಳದ ಕುಂಡಗಳು ಬೋಳಾಗಿದ್ದವು. ಅಂಗಳದಲ್ಲಿ ಒಣಗಲು ಹಾಕಿದ್ದ ರಶ್ಮಿತಾಳ ದುಪಟ್ಟಾದ ಒಂದು ತುದಿ ಹಸುವಿನ ಬಾಯಲ್ಲಿತ್ತು.

ಶಾರದಮ್ಮನವರಿಗೆ ದಾಸವಾಳಕ್ಕಿಂತ ಗೇಟಿನದೇ ಚಿಂತೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟನ್ನು ಕತ್ತಲಲ್ಲಿ ಒಬ್ಬ ಹುಡುಗಿ ತೆಗೆದಳೆಂದರೆ ಊರು ಏನೆನ್ನುತ್ತದೆ? ಯಾರ ಜೊತೆ ಓಡಿಹೋಗಲು ಹೊರಟಿದ್ದೆ ಎಂದೇ ಕೇಳಿಬಿಟ್ಟರು. ಹಾಸ್ಟೆಲು ಬಿಡಿಸುತ್ತೇನೆಂದು ಅಪ್ಪನನ್ನು ಕರೆಸಿದರು. ಹಾಸ್ಟೆಲು ಹೋದರೆ ಕಾಲೇಜೂ ಹೋದಂತೆ, ಏಕೆಂದರೆ ಹಟ್ಟಿಯ ಕಡೆಯ ಮೊದಲ ಬಸ್ಸು ಚಳ್ಳಕೆರೆ ಮುಟ್ಟುವ ಹೊತ್ತಿಗೆ ಪೀರಿಯಡ್ಡು ಮುಗಿದಿರುತ್ತದೆ. ಅದು ಶಿಲ್ಪಳಿಗೂ ಗೊತ್ತಿತ್ತು, ಪಾತಣ್ಣನಿಗೂ ಗೊತ್ತಿತ್ತು.

ಪಾತಣ್ಣ ಹೆಗಲ ಕಂಬಳಿಯೊಡನೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಆಫೀಸಿನ ಬಾಗಿಲಲ್ಲಿ ಕೈಕಟ್ಟಿ ನಿಂತ. ಕುರಿಸಂತೆಯಲ್ಲಿ ಯಾರಿಗೂ ಸೊಪ್ಪು ಹಾಕದ ಅಪ್ಪ ಹೀಗೆ ಕುಗ್ಗಿ ನಿಂತದ್ದನ್ನು ಕಂಡು ಶಿಲ್ಪಳಿಗೆ ಅಳು ಒತ್ತರಿಸಿ ಬಂತು.

"ತಾಯಿ, ನಮ್ ಹುಡುಗಿ ಓಡಿಹೋಗೋಳಲ್ಲ ಕಣ್ರಿ. ನಿದ್ದೆಗಣ್ಣಲ್ಲಿ ಮರಿ ಬಿಟ್ಟೈತೆ, ಅಷ್ಟೇಯ," ಎಂದ ಪಾತಣ್ಣ.

"ಇಲ್ಲೆಲ್ಲಿ ಮರಿ ಅದಾವೆ?" ಶಾರದಮ್ಮನವರ ಸಿಟ್ಟು ಇಳಿಯಲಿಲ್ಲ.

ಅಷ್ಟರಲ್ಲಿ ಟೀ ತಂದ ಕೊಲ್ಲಾಪುರಮ್ಮ ಲೋಟ ಇಟ್ಟು ಅಲ್ಲೇ ನಿಂತಳು. "ಮೇಡಂ, ದಿನಾ ನಾನು ಗೇಟು ಬಡಿದು ಬಡಿದು ಕೈ ನೋಯಿಸ್ಕೊಳ್ಳೋದು. ಏಕಾಂತಪ್ಪಗೆ ಕಿವಿ ಕೇಳಲ್ಲ, ನಿಮ್ ಕೋಣೆ ಹಿಂದೈತೆ. ಅದಕ್ಕೇ ತಿಂಡಿ ತಡ ಆಗೋದು. ಇವತ್ತೊಂದಿನ ಬಾಗಿಲು ತೆರೆದಿತ್ತು ನೋಡ್ರಿ." ವಾಚ್‌ಮನ್ ಏಕಾಂತಪ್ಪ ಅಲ್ಲೇ ಇದ್ದ. ನಿಜಕ್ಕೂ ಕೇಳಿಸಲಿಲ್ಲವೋ ಏನೋ, ನಗುತ್ತ ತಲೆಯಾಡಿಸಿದ.

ಶಿಲ್ಪಳಿಗೆ ಆಗ ಹೊಳೆಯಿತು. ಹಟ್ಟಿಯಲ್ಲಿ ತಾನು ಏಳುತ್ತಿದ್ದದ್ದು ತನಗಾಗಿ ಅಲ್ಲ, ಅಲ್ಲಿ ಹಸಿದು ಕಾಯುವವರಿದ್ದರು. ಇಲ್ಲಿ ತನಗಾಗಿ ಕಾಯುವ ಜೀವವೇ ಇರಲಿಲ್ಲ.

"ಮೇಡಂ," ಎಂದಳು ಮೂಗೊರೆಸಿಕೊಂಡು, "ಗೇಟು ತೆಗೆಯೋ ಕೆಲಸ ನಂಗೇ ಕೊಡಿ. ಅಡಿಗೆ ದೊಡ್ಡವ್ವ ಬಂದು ಬಡಿಯೋ ಮುಂಚೆ ಅಲ್ಲಿರ್ತೀನಿ. ಏಕಾಂತಜ್ಜನ್ನ ಎಬ್ಬಿಸ್ಕೊಂಡೇ ತೆಗೀತೀನಿ."

ಶಾರದಮ್ಮ ಅಪ್ಪನನ್ನೂ ಮಗಳನ್ನೂ ನೋಡಿದರು. "ಒಂದು ದಿನ ತಪ್ಪಿದ್ರೂ ಬ್ಯಾಗ್ ಕಟ್ಟಬೇಕು. ಆಯ್ತಾ?"

"ಆಯ್ತು ಮೇಡಂ."

ಮೊದಲ ಕೆಲವು ವಾರ ಅವಳು ಬೇರೇನೂ ಮಾಡಲಿಲ್ಲ. ಏಳುವುದು, ಗೇಟು ತೆಗೆಯುವುದು, ಅಷ್ಟೇ. ಆಮೇಲೆ, ಹೇಗೂ ಎದ್ದಿದ್ದೇನಲ್ಲ ಎಂದು ಅಡಿಗೆಮನೆಯ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರತೊಡಗಿದಳು. ಒಳಗೆ ಕೊಲ್ಲಾಪುರಮ್ಮ ಒಗ್ಗರಣೆ ಹಾಕುತ್ತ, "ಗಟ್ಟಿಯಾಗಿ ಓದೇ, ನಂಗೂ ಹೊತ್ತು ಹೋಗ್ಲಿ," ಎನ್ನುತ್ತಿದ್ದಳು. ಬೇಡಿಕೆ ಮತ್ತು ಪೂರೈಕೆಯ ಪಾಠ ಕೇಳಿ, "ಇದು ಟೊಮೆಟೊ ವಿಷಯ ಅಲ್ವೇನೇ?" ಎಂದು ನಕ್ಕಳು. ಕೊಠಡಿಯಲ್ಲಿ ಕುರಿಮರಿ ಅರಚುವುದಕ್ಕೆ ರಶ್ಮಿತಾ ಮೊದಮೊದಲು ಶಪಿಸಿ, ಆಮೇಲೆ ಅದಕ್ಕೇ ಎದ್ದು ಸ್ನಾನದ ಸಾಲಿನಲ್ಲಿ ಮೊದಲಿಗಳಾದಳು. ಶಿಲ್ಪ ಓಟವನ್ನು ಬಿಟ್ಟೇಬಿಟ್ಟಳು. ಸಕ್ಕರೆಯನ್ನಂತೂ ಬಿಡಲಿಲ್ಲ, ಬಿಸಿ ಟೀಯ ಮೊದಲ ಲೋಟ ಅವಳಿಗೇ ಸಿಗುವಾಗ ಯಾಕೆ ಬಿಡಬೇಕು? ನಾಗಭೂಷಣ ಮೇಷ್ಟ್ರು ಹಾಜರಿ ಕರೆಯುವಾಗ ಅವಳು ಎರಡನೇ ಬೆಂಚಿನಲ್ಲಿ ಕೂತಿರುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಜ್ವರ ಬಂತು. ರಶ್ಮಿತಾ ಅವತ್ತು ಮೊಳಕಾಲ್ಮೂರಿಗೆ ಹೋಗಿದ್ದಳು. ಮರಿಗಳು ಅರಚಿ ಅರಚಿ ಸುಮ್ಮನಾದದ್ದು ಶಿಲ್ಪಳಿಗೆ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು.

ಯಾರನ್ನೂ ಕೇಳಬೇಕೆನ್ನಿಸಲಿಲ್ಲ. ಮಾತು ಕೊಟ್ಟಿದ್ದು ಅಪ್ಪನ ಎದುರಿಗೆ. ಬಟ್ಟೆ ಪುಸ್ತಕ ತುಂಬಿ, ಬ್ಯಾಗು ಹೊತ್ತು ಕೆಳಗಿಳಿದಳು. ಎಲ್ಲ ಮುಗಿಯಿತು ಎಂದುಕೊಂಡಳು.

ಶಾರದಮ್ಮ ಅಂಗಳದಲ್ಲಿ ಹೊಸ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. "ಎಲ್ಲಿಗೆ?"

"ಊರಿಗೆ ಮೇಡಂ. ಇವತ್ತು ತಪ್ಪಿಹೋಯ್ತು."

ಅವರು ಚೊಂಬು ಕೆಳಗಿಟ್ಟು ಅವಳ ಹಣೆ ಮುಟ್ಟಿದರು. "ಮೈ ಕೆಂಡ ಆಗೈತೆ, ಬ್ಯಾಗ್ ಬೇರೆ ಹೊತ್ಕೊಂಡು ಬಂದವಳೆ! ನೀನು ಕಾಣಲಿಲ್ಲ ಅಂತ ನಾನೇ ತೆಗ್ದೆ ಗೇಟು."

"ಒಂದು ದಿನ ತಪ್ಪಿದ್ರೂ ಅಂದಿದ್ರಲ್ಲ..."

"ಅವತ್ತು ಸಿಟ್ಟಲ್ಲಿ ಅಂದೆ. ತಪ್ಪದೆ ಇರೋಕೆ ನೀನೇನು ಗಡಿಯಾರಾನಾ? ಇವತ್ತಿಂದು ಬಿಡು. ನಾಳೆ ಏಳ್ತೀಯೋ ಇಲ್ವೋ, ಅದು ಹೇಳು."

ತಪ್ಪಿದ ದಿನಕ್ಕೆ ಒಂದು ಮಾರನೆಯ ದಿನ ಇರುತ್ತದೆ ಎಂದು ಶಿಲ್ಪಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಸೂಟಿನವನಂತೂ ಹೇಳಿರಲೇ ಇಲ್ಲ. ಅವಳು ಬ್ಯಾಗು ಕೆಳಗಿಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕೂತು, ಚಿಕ್ಕ ಮಗುವಿನ ಹಾಗೆ ಅತ್ತಳು. ಅಳುತ್ತಲೇ, "ಏಳ್ತೀನಿ," ಎಂದಳು.

ಮಾರನೆಯ ನಸುಕಿಗೆ ಜ್ವರ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಶಾಲು ಹೊದ್ದು, ಗೋಡೆ ಹಿಡಿದು ಇಳಿದು ಬಂದು, ಏಕಾಂತಪ್ಪನನ್ನು ಎಬ್ಬಿಸಿ, ಅಗುಳಿ ಸರಿಸಿದಳು. ಕೊಲ್ಲಾಪುರಮ್ಮ ಬಡಿಯಲೆಂದು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ನಿನ್ನೆ ಎಲ್ಲಿ ಹೋಗಿದ್ಯೇ?"

"ಮಲಗಿಬಿಟ್ಟಿದ್ದೆ ದೊಡ್ಡವ್ವ."

"ಇವತ್ತು ಬಂದ್ಯಲ್ಲ," ಎಂದು ಅವಳು ಒಳಗೆ ನಡೆದಳು. "ಬಾ, ಒಲೆ ಹಚ್ಚೋಣ."