ಬೇಲಿ ಇಲ್ಲದ ಚಿತ್ರ

ದೊಡ್ಡಉಳ್ಳಾರ್ತಿ ಊರು ದಾಟಿ, ಹಿಂದೆ ಊರವರ ದನಕುರಿ ಮೇಯುತ್ತಿದ್ದ ಕಾವಲಿಗೆ ಸರ್ಕಾರ ಹಾಕಿದ ತಂತಿಬೇಲಿಯಾಚೆ ಹುಲ್ಲಿನಲ್ಲಿ ಕೂತಿದ್ದ ನೆಲಗುಬ್ಬಿಯ ಫೋಟೊ ತೆಗೆಯುತ್ತಿದ್ದೆ. ಕುರಿ ಮೇಯಿಸುತ್ತಿದ್ದ ಅಜ್ಜ ಬಂದು ಬೆನ್ನ ಹಿಂದೆಯೇ ನಿಂತರು.

"ಏನ್ ಅಳೀತಿದೀರಿ?"

"ಅಳತೆ ಅಲ್ಲಜ್ಜ, ಹಕ್ಕಿ ಫೋಟೊ" ಎಂದು ತೆಗೆದದ್ದನ್ನು ತೋರಿಸಿದೆ. ಹಾಳು ಆಟೊಫೋಕಸ್! ಪ್ರತಿ ಚಿತ್ರದಲ್ಲೂ ತಂತಿಯ ಒಂದೊಂದು ಮುಳ್ಳೂ ಸ್ಪಷ್ಟವಾಗಿತ್ತು; ಹಿಂದಿನ ಹಕ್ಕಿ ಬರೀ ಮಸುಕು.

"ಹಕ್ಕಿ ಅಂತೀರಿ, ಬರೀ ಬೇಲೀನೇ ಐತಲ್ರಿ."

ನನಗೆ ರೇಗಿತು. ಮ್ಯಾನುಯಲ್‌ಗೆ ಬದಲಿಸಿ, ಹಕ್ಕಿಯ ಕಣ್ಣು ನಿಚ್ಚಳವಾಗುವವರೆಗೆ ಲೆನ್ಸಿನ ಉಂಗುರ ತಿರುಗಿಸಿ ಇನ್ನೊಂದು ತೆಗೆದೆ. ಈ ಸಲ ತಂತಿ ಕರಗಿ ಕಾಣದಾಗಿತ್ತು.

"ಈಗ ನೋಡ್ರಿ."

ಅಜ್ಜ ಪರದೆಯನ್ನು ದಿಟ್ಟಿಸಿದರು. ಆಮೇಲೆ ಕೈಚಾಚಿ ಬೇಲಿಯ ತಂತಿಯನ್ನು ಮುಟ್ಟಿ ನೋಡಿದರು.

"ಅವತ್ತು ಈ ಕಾವಲಿನ ಅಳತೆಗೆ ಬಂದ ಸರ್ಕಾರದೋರೂ ನಮಗೆ ಬೇಲಿ ಇಲ್ಲದ ಚಿತ್ರಾನೇ ತೋರ್ಸಿದ್ರು."